ಕಷ್ಟದ ದಿನಗಳಲ್ಲಿ ಮನೆ ಪ್ರಾರ್ಥನೆ ಮತ್ತು ಮಕ್ಕಳ ಕೈಕೆಲಸ: ಕೋಲಾರದ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಕೆಜಿಎಫ್, ಮಾಲೂರು, ಮುಳಬಾಗಿಲು ಕಡೆಯ ಕ್ರೈಸ್ತ ಕುಟುಂಬಗಳು ಸಂಡೆ ಸ್ಕೂಲ್ ಮುಗಿದ ಮೇಲೆ ಮತ್ತು ಮನೆ ಕೂಟಗಳಲ್ಲಿ ಕೇಳುವ ಪ್ರಶ್ನೆಗಳು ಇವು. ಕೆಲಸ ಹೋದಾಗ, ಕಾಯಿಲೆ ಬಂದಾಗ, ಸಾವಾದಾಗ, ಬೆಳೆ ಕೈಕೊಟ್ಟಾಗ ಮನೆಯಲ್ಲಿ ಪ್ರಾರ್ಥನೆ ನಡೆಸುವುದು ಹೇಗೆ, ಮಕ್ಕಳನ್ನು ಜೊತೆಗೆ ಕರೆದುಕೊಳ್ಳುವುದು ಹೇಗೆ ಎಂಬುದೇ ಹೆಚ್ಚಿನವರ ಚಿಂತೆ. ಸಂಡೆ ಸ್ಕೂಲ್ ಟೀಚರ್ ಆಗಿ ನನಗೆ ತಿಳಿದಷ್ಟನ್ನು ಬರೆದಿದ್ದೇನೆ. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್, ಪೆಂತೆಕೋಸ್ತ್ ಎಲ್ಲರೂ ಓದಬಹುದು. ನಿಮ್ಮ ಸಭೆಯ ಪದ್ಧತಿ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಮನೆ ಪ್ರಾರ್ಥನೆ ಎಷ್ಟು ಹೊತ್ತು ಇರಬೇಕು?

ಹತ್ತು ನಿಮಿಷ ಸಾಕು. ಕಷ್ಟದ ದಿನಗಳಲ್ಲಿ ಇನ್ನೂ ಕಡಿಮೆ ಆದರೂ ಪರವಾಗಿಲ್ಲ. ಒಂದು ಹಾಡು, ಬೈಬಲ್‌ನಿಂದ ನಾಲ್ಕೈದು ವಚನ, ಒಬ್ಬೊಬ್ಬರಿಂದ ಒಂದೊಂದು ಮಾತು, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ.

ಮನೆಯ ಹಿರಿಯರೊಬ್ಬರೇ ಅರ್ಧ ಗಂಟೆ ಪ್ರಾರ್ಥಿಸಿ, ಉಳಿದವರು ಆಮೆನ್ ಹೇಳುವುದಕ್ಕೆ ಕಾಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹಿರಿಯರ ಭಕ್ತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಿಂತೆಯಲ್ಲಿರುವ ಮನೆಯಲ್ಲಿ ಎಲ್ಲರಿಗೂ ಬಾಯಿ ಬಿಡುವ ಅವಕಾಶ ಬೇಕು. ಕರ್ತನ ಪ್ರಾರ್ಥನೆ ಮತ್ತಾಯ 6ರಲ್ಲಿ ಇರುವುದು ಐದೇ ವಚನ, 9ರಿಂದ 13. ಅದನ್ನು ಕಲಿಸುವ ಮೊದಲು ಯೇಸು ಹೇಳಿದ್ದು, ಮಾತು ಜಾಸ್ತಿಯಾದರೆ ದೇವರು ಕೇಳುತ್ತಾನೆ ಎಂದು ನೆನೆಸಬೇಡಿ ಅಂತ.

ಜಪಸರ, ಅಂದರೆ ಮಣಿ ಎಣಿಸುತ್ತಾ ಹೇಳುವ ಕಥೋಲಿಕರ ಪ್ರಾರ್ಥನೆ, ಹೇಳುವ ಮನೆಗಳಲ್ಲೂ ಇದೇ ಮಾತು. ಇಡೀ ಜಪಸರಕ್ಕೆ ಸುಮಾರು ಇಪ್ಪತ್ತು ನಿಮಿಷ ಬೇಕು. ರೋಗಿ ಇರುವ ಮನೆಯಲ್ಲಿ, ದಣಿದು ಬಂದ ರಾತ್ರಿಯಲ್ಲಿ, ಒಂದು ಪರಲೋಕ ಪ್ರಾರ್ಥನೆ (ಕರ್ತನ ಪ್ರಾರ್ಥನೆಯೇ), ಹತ್ತು ನಮೋ ಮರಿಯ, ಒಂದು ಪಿತನಿಗೂ ಸುತನಿಗೂ, ಅಷ್ಟು ಹೇಳಿ ಮಲಗಬಹುದು. ಮಂಗಳವಾರ ಮತ್ತು ಶುಕ್ರವಾರದ ದುಃಖದ ರಹಸ್ಯಗಳನ್ನು ಕಷ್ಟದಲ್ಲಿರುವ ಮಕ್ಕಳಿಗೆ ನಿಧಾನವಾಗಿ ಬಿಡಿಸಿ ಹೇಳಿ. ಯೇಸು ತೋಟದಲ್ಲಿ ಬೆವರುತ್ತಾ ಪ್ರಾರ್ಥಿಸಿದ್ದು, ಏಟು ತಿಂದದ್ದು, ಶಿಲುಬೆ ಹೊತ್ತದ್ದು ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಒಬ್ಬರು ಬೆಳಗಿನ ಟ್ರೇನಿಗೆ ಹೋಗ್ತಾರೆ, ಇನ್ನೊಬ್ಬರದು ನೈಟ್ ಶಿಫ್ಟು. ಒಟ್ಟಿಗೆ ಸೇರೋದೇ ಆಗಲ್ಲ. ಏನು ಮಾಡೋದು?

ಇದು ನಮ್ಮ ಜಿಲ್ಲೆಯ ದೊಡ್ಡ ಪ್ರಶ್ನೆ. 2001ರ ಫೆಬ್ರವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಮನೆಗಳ ದುಡಿಮೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಟ್ರೇನನ್ನೇ ನಂಬಿಕೊಂಡಿದೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಬರುವವರಿಗೆ ಸಂಜೆ ಏಳಕ್ಕೆ ಕೂತುಕೊಳ್ಳಿ ಎಂದರೆ ಆಗುವ ಮಾತಲ್ಲ.

ಯಾರು ಮನೆಯಲ್ಲಿದ್ದಾರೋ ಅವರು ಕೂರಲಿ. ಇಬ್ಬರು ಮೂವರು ನನ್ನ ಹೆಸರಿನಲ್ಲಿ ಸೇರಿದಲ್ಲಿ ನಾನಿದ್ದೇನೆ ಎಂದು ಯೇಸು ಹೇಳಿದ್ದಾರೆ, ಮತ್ತಾಯ 18:20ರಲ್ಲಿ. ಇಲ್ಲದವರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸಿ. ಒಂದು ಸ್ಲೇಟನ್ನು ಬಾಗಿಲ ಪಕ್ಕ ನೇತುಹಾಕಿ, ಆ ದಿನ ಓದಿದ ವಚನದ ಸಂಖ್ಯೆ ಬರೆದಿಡಿ. ರಾತ್ರಿ ತಡವಾಗಿ ಬಂದವರು ಅದನ್ನು ನೋಡಿ, ಕೆಳಗೆ ತಮ್ಮದೊಂದು ಮಾತು ಬರೆಯಲಿ. "ಇವತ್ತು ಸೂಪರ್‌ವೈಸರ್ ಬೈದರು, ಮನಸ್ಸು ಸರಿಯಿಲ್ಲ" ಅಂತ ಅಪ್ಪ ಬರೆದರೆ ಮಕ್ಕಳು ಬೆಳಿಗ್ಗೆ ಅದನ್ನೇ ಹಿಡಿದು ಪ್ರಾರ್ಥಿಸುತ್ತಾರೆ. ಎದುರಿಗೆ ಕೂತು ಇಂಥ ಮಾತು ಹೇಳುವ ಅಭ್ಯಾಸ ನಮ್ಮ ಗಂಡಸರಲ್ಲಿ ಕಡಿಮೆ. ಬರೆಯುವುದು ಅವರಿಗೆ ಸುಲಭ.

ರೇಷ್ಮೆ ಸಾಕುವ ಮನೆಗಳಲ್ಲಿ ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಕಳೆದ ಮೇಲೆ ಹುಳಕ್ಕೆ ಸೊಪ್ಪು ಹಾಕುವುದರಲ್ಲೇ ಹೊತ್ತು ಹೋಗುತ್ತದೆ. ಆ ಒಂದು ವಾರ ಹುಳದ ಮನೆಯಲ್ಲೇ ಹಾಡು ಹೇಳಿ. ಕೈ ಸೊಪ್ಪು ಹಾಕಲಿ, ಬಾಯಿ ಹಾಡಲಿ.

ಮನೆಯಲ್ಲಿ ಅಮ್ಮನಿಗೇ ಒಂದು ನಿಮಿಷ ಪುರುಸೊತ್ತಿಲ್ಲ. ಅವಳ ಪ್ರಾರ್ಥನೆಯ ಗತಿ?

ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ತಾಯಿ ಸುಸಾನ್ನಾ ಹೆತ್ತದ್ದು ಹತ್ತೊಂಬತ್ತು ಮಕ್ಕಳನ್ನು. ಅವರಲ್ಲಿ ಹಲವರು ಕೂಸಾಗಿದ್ದಾಗಲೇ ತೀರಿಕೊಂಡರು. ಮನೆಯಲ್ಲಿ ಬಡತನ, ಸಾಲ. ಆಕೆ ಅಡುಗೆಮನೆಯಲ್ಲೇ ಏಪ್ರನ್ ಎತ್ತಿ ತಲೆಯ ಮೇಲೆ ಹಾಕಿಕೊಂಡು ಪ್ರಾರ್ಥಿಸುತ್ತಿದ್ದಳಂತೆ, ಆಗ ಮಕ್ಕಳು ಅಮ್ಮನನ್ನು ಮಾತಾಡಿಸುತ್ತಿರಲಿಲ್ಲವಂತೆ. ಪ್ರಾರ್ಥನೆಗೆ ಸೆರಗು ಹೊದೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮ್ಮ ಸೆರಗು ಹೊದ್ದು ಕೂತರೆ ಐದು ನಿಮಿಷ ಯಾರೂ ಕರೆಯಬಾರದು ಅಂತ ಮನೆಯಲ್ಲಿ ಒಂದು ಮಾತು ಮಾಡಿಕೊಳ್ಳಿ. ಒಲೆಯ ಮೇಲಿನ ಸಾರನ್ನು ಆ ಹೊತ್ತು ಇನ್ನೊಬ್ಬರು ನೋಡಿಕೊಳ್ಳಲಿ.

ದೇವರ ಮುಂದೆ ಸಿಟ್ಟು ಮಾಡೋದು, ಗೋಳಾಡೋದು ಅವಿಶ್ವಾಸ ಅಲ್ವಾ?

ಅಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಕಷ್ಟ ಬಂದ ಮನೆಗೆ ಹೋಗಿ "ಅಳಬೇಡಿ, ಸ್ತೋತ್ರ ಹೇಳಿ" ಅನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೂ ಆ ಮಾತು ಎಷ್ಟೋ ಮಕ್ಕಳ ಬಾಯಿ ಕಟ್ಟುತ್ತದೆ. ದೇವರ ಮುಂದೆ ನಗುಮುಖ ಮಾತ್ರ ತೋರಿಸಬೇಕು ಅಂತ ಅವರು ಅಂದುಕೊಳ್ಳುತ್ತಾರೆ. ಆಮೇಲೆ ನಿಜವಾದ ದುಃಖವನ್ನು ದೇವರಿಗೂ ಹೇಳುವುದಿಲ್ಲ, ನಮಗೂ ಹೇಳುವುದಿಲ್ಲ.

ಬೈಬಲ್ ತೆರೆದು ನೋಡಿ. ಕೀರ್ತನೆ 13ರಲ್ಲಿ ಇರುವುದೇ ಆರು ವಚನ. ಮೊದಲ ಎರಡು ವಚನದಲ್ಲೇ ನಾಲ್ಕು ಸಲ "ಎಷ್ಟರವರೆಗೆ?" ಎಂಬ ಪ್ರಶ್ನೆ ಬರುತ್ತದೆ. ನನ್ನನ್ನು ಮರೆತುಬಿಟ್ಟೆಯಾ, ಮುಖ ತಿರುಗಿಸಿಕೊಂಡೆಯಾ ಅಂತ ನೇರವಾಗಿ ದೇವರನ್ನೇ ಕೇಳುತ್ತದೆ. ಐದನೇ ವಚನದಲ್ಲಿ ನಂಬಿಕೆಯ ಮಾತು ಬರುತ್ತದೆ, ಆದರೆ ಗೋಳು ಮೊದಲು ಬಂದಿದೆ. 88ನೇ ಕೀರ್ತನೆಯಲ್ಲಿ ಆ ತಿರುವೂ ಇಲ್ಲ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಆದರೂ ಅದು ಪವಿತ್ರ ಗ್ರಂಥದಲ್ಲಿದೆ, ಜನ ಅದನ್ನು ಸಾವಿರಾರು ವರ್ಷ ಪ್ರಾರ್ಥನೆಯಾಗಿ ಹೇಳಿದ್ದಾರೆ. ಲಾಜರನ ಸಮಾಧಿ ಹತ್ತಿರ ಯೇಸುವೇ ಅತ್ತರು. ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು.

ಮನೆಯಲ್ಲಿ ಹೀಗೆ ಮಾಡಬಹುದು. ಕೀರ್ತನೆ 13ನ್ನು ಓದಿ, ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿ. "ಎಷ್ಟರವರೆಗೆ ಸ್ವಾಮಿ..." ಅಂತ ಶುರುಮಾಡಿ ತಮ್ಮ ಸಾಲು ಬರೆಯಲಿ. ಬರೆಯಲು ಬಾರದ ಅಜ್ಜಿ ಹೇಳಲಿ, ಮೊಮ್ಮಗ ಬರೆದುಕೊಳ್ಳಲಿ. ಮಗುವಿನ ಚೀಟಿಯಲ್ಲಿ "ಎಷ್ಟರವರೆಗೆ ಅಪ್ಪ ಮಾತಾಡದೆ ಇರ್ತಾರೆ" ಅಂತ ಇರಬಹುದು. ಆಗ ತಿದ್ದಬೇಡಿ, ಬೈಯಬೇಡಿ, ಅಲ್ಲೇ ಉಪದೇಶ ಮಾಡಬೇಡಿ. ಓದಿ, ಸ್ವಲ್ಪ ಸುಮ್ಮನಿದ್ದು, ಮುಂದಿನ ಚೀಟಿಗೆ ಹೋಗಿ.

ಅಕ್ಷರಮಾಲೆ ಪ್ರಾರ್ಥನೆ ಅಂದರೇನು? ಮಕ್ಕಳ ಜೊತೆ ಮಾಡೋದು ಹೇಗೆ?

ನಾನು ತುಂಬ ಇಷ್ಟಪಟ್ಟು ಹೇಳಿಕೊಡುವ ಚಟುವಟಿಕೆ ಇದು. ಬಾಬಿಲೋನಿನವರು ಯೆರೂಸಲೇಮನ್ನು ಹಾಳುಮಾಡಿದ ಮೇಲಿನ ದುಃಖವನ್ನು ಹೇಳುವ ಪುಸ್ತಕ ಪ್ರಲಾಪಗಳು. ಅದರಲ್ಲಿ ಐದು ಅಧ್ಯಾಯ. ಮೊದಲನೆಯದು, ಎರಡನೆಯದು, ನಾಲ್ಕನೆಯದು ಇಪ್ಪತ್ತೆರಡು ವಚನದವು, ಯಾಕೆಂದರೆ ಇಬ್ರಿಯ ಅಕ್ಷರಗಳು ಇಪ್ಪತ್ತೆರಡು. ಒಂದೊಂದು ವಚನ ಒಂದೊಂದು ಅಕ್ಷರದಿಂದ ಶುರುವಾಗುತ್ತದೆ. ಮೂರನೇ ಅಧ್ಯಾಯದಲ್ಲಿ ಒಂದೊಂದು ಅಕ್ಷರಕ್ಕೆ ಮೂರು ವಚನ, ಒಟ್ಟು 66. ಊರೇ ಹಾಳಾಗಿರುವಾಗ ಅಕ್ಷರ ಹಿಡಿದು ಪದ್ಯ ಕಟ್ಟಿದ್ದಾರೆ. ಎಲ್ಲಿಂದ ಶುರುಮಾಡಬೇಕು, ಎಲ್ಲಿ ನಿಲ್ಲಬೇಕು ಅಂತ ತೋಚದ ದುಃಖಕ್ಕೆ ಅಕ್ಷರ ಒಂದು ದಾರಿ ಮಾಡಿಕೊಡುತ್ತದೆ.

ನಾವು ಕನ್ನಡದಲ್ಲಿ ಮಾಡೋಣ. ಒಂದು ಹಳೆ ನೋಟ್‌ಬುಕ್ ಸಾಕು. ದಿನಕ್ಕೆ ಒಂದೆರಡು ಅಕ್ಷರ. ಕೆಲಸ ಕಳೆದುಕೊಂಡ ಒಂದು ಮನೆ ಬರೆದರೆ ಹೀಗಿರಬಹುದು:

ಅಪ್ಪನ ಕೆಲಸ ಹೋಗಿದೆ, ಸ್ವಾಮಿ.
ಆಸ್ಪತ್ರೆಯ ಬಿಲ್ಲು ಇನ್ನೂ ಬಾಕಿ ಇದೆ.
ಇವತ್ತು ಅಮ್ಮ ಯಾರಿಗೂ ಕಾಣದ ಹಾಗೆ ಅತ್ತಳು.
ಈ ರಾತ್ರಿ ಎಲ್ಲರಿಗೂ ನಿದ್ದೆ ಕೊಡು.
ಉಳಿದಿರುವ ಹಿಟ್ಟು ತಿಂಗಳ ಕೊನೆಯವರೆಗೆ ಬರಲಿ.
ಊಟ ಕಳಿಸಿದ ಪಕ್ಕದ ಮನೆ ಆಂಟಿಯನ್ನು ಆಶೀರ್ವದಿಸು.

ಪ್ರಾಸ ಬೇಡ, ಚಂದದ ಮಾತೂ ಬೇಡ. ಙ, ಞ, ಣ, ಳ ಬಂದಾಗ ಬಿಟ್ಟು ಮುಂದೆ ಹೋಗಿ. ಒಂದನೇ ಕ್ಲಾಸಿನ ಮಗುವಿಗೆ ಅಕ್ಷರ ದೊಡ್ಡದಾಗಿ ಬರೆದು ಬಣ್ಣ ಹಚ್ಚುವ ಕೆಲಸ ಕೊಡಿ. ಹ ಅಕ್ಷರಕ್ಕೆ ಬರುವ ಹೊತ್ತಿಗೆ ಮನೆಯ ಕಷ್ಟ ಮುಗಿದಿರಲೇಬೇಕು ಅಂತೇನಿಲ್ಲ. ನೋಟ್‌ಬುಕ್ ಮಾತ್ರ ಜೋಪಾನ ಮಾಡಿ. ಮುಂದೆ ಮಕ್ಕಳು ದೊಡ್ಡವರಾದಾಗ ಓದಬೇಕಾದ್ದು ಅದು.

ಚಿಕ್ಕ ಮಕ್ಕಳು ಎರಡು ನಿಮಿಷ ಕೂರಲ್ಲ. ಬೈದು ಕೂರಿಸಬೇಕಾ?

ಬೇಡ. ಕೈಗೆ ಕೆಲಸ ಕೊಡಿ, ಕಿವಿ ತಾನಾಗಿ ಬರುತ್ತದೆ. ನೀವು ಓದುವಾಗ ಅವರು ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಕಥೆಯ ಚಿತ್ರ ಬರೆಯಲಿ. ಮನೆಯಲ್ಲಿ ಭಯ ಇದ್ದಾಗ ಚಿಕ್ಕವರಿಗೆ ಅದನ್ನು ಬಾಯಲ್ಲಿ ಹೇಳಲು ಬರುವುದಿಲ್ಲ, ಚಿತ್ರದಲ್ಲಿ ಬರುತ್ತದೆ. ಯೇಸು ಬಿರುಗಾಳಿಯನ್ನು ಸುಮ್ಮನಾಗಿಸಿದ ದೋಣಿಯ ಕಥೆ ಓದಿ ಚಿತ್ರ ಬರೆಯಲು ಹೇಳಿ ನೋಡಿ. ದೋಣಿಯಲ್ಲಿ ಯಾರು ಯಾರನ್ನು ಕೂರಿಸುತ್ತಾರೆ, ಅಪ್ಪನನ್ನು ಎಲ್ಲಿ ಇಡುತ್ತಾರೆ ಅನ್ನುವುದರಲ್ಲಿ ಅವರ ಮನಸ್ಸು ಕಾಣುತ್ತದೆ. "ಇದು ಯಾರು ಮರಿ?" ಅಂತ ಮಾತ್ರ ಕೇಳಿ.

ಕಲ್ಲಿನ ಕೆಲಸವೂ ಚೆನ್ನಾಗಿದೆ. ಇಸ್ರಾಯೇಲರು ಯೊರ್ದನ್ ಹೊಳೆ ದಾಟಿದ ಮೇಲೆ ಹೊಳೆಯೊಳಗಿನ ಹನ್ನೆರಡು ಕಲ್ಲು ತಂದು ನಿಲ್ಲಿಸಿದರು. ಈ ಕಲ್ಲು ಯಾಕೆ ಅಂತ ಮುಂದೆ ಮಕ್ಕಳು ಕೇಳಿದಾಗ ಕಥೆ ಹೇಳುವುದಕ್ಕೆ. ಯೆಹೋಶುವ 4ನೇ ಅಧ್ಯಾಯದಲ್ಲಿದೆ. ಕೋಲಾರದಲ್ಲಿ ಕಲ್ಲಿಗೇನೂ ಬರವಿಲ್ಲ. ಅಂಗೈಯಗಲದ ಕಲ್ಲು ಆರಿಸಿ ತೊಳೆದಿಡಿ. ಕಷ್ಟದ ನಡುವೆ ಸಹಾಯ ಸಿಕ್ಕಾಗಲೆಲ್ಲ ಒಂದು ಕಲ್ಲಿನ ಮೇಲೆ ಬಣ್ಣದಲ್ಲಿ ಗುರುತು ಮಾಡಿ. ರಕ್ತ ಕೊಟ್ಟವರಿಗೆ ಒಂದು ಕೆಂಪು ಚುಕ್ಕೆ, ಫೀಸು ಕಟ್ಟಿದ ಚಿಕ್ಕಪ್ಪನಿಗೆ ಒಂದು ಪುಸ್ತಕದ ಚಿತ್ರ, ಮಳೆ ಬಂದ ದಿನಕ್ಕೆ ಒಂದು ಹನಿ. ಬೈಬಲ್ ಇಡುವ ಜಾಗದ ಹತ್ತಿರ ಜೋಡಿಸಿ. ಹನ್ನೆರಡು ಆಗಲೇಬೇಕು ಅಂತ ಲೆಕ್ಕ ಇಡಬೇಡಿ.

ಹೈಸ್ಕೂಲು, ಪಿಯುಸಿ ಮಕ್ಕಳು ಪ್ರಾರ್ಥನೆ ಅಂದರೆ ಮೊಬೈಲ್ ಹಿಡಿದು ಎದ್ದು ಹೋಗ್ತಾರೆ.

ಆ ಮೊಬೈಲಿನಲ್ಲೇ ಕೆಲಸ ಕೊಡಿ. ಅಜ್ಜಿಗೆ ಬರುವ ಹಳೆ ಕೀರ್ತನೆಗಳನ್ನು ರೆಕಾರ್ಡ್ ಮಾಡಲಿ. ಎಷ್ಟೋ ಹಾಡುಗಳ ರಾಗ ಪುಸ್ತಕದಲ್ಲಿಲ್ಲ, ಅಜ್ಜಿಯರ ಗಂಟಲಿನಲ್ಲಿ ಮಾತ್ರ ಇದೆ. ಅವರು ಹೋದರೆ ರಾಗವೂ ಹೋಯಿತು. ಪ್ರತಿ ಹಾಡಿನ ಜೊತೆ "ಇದನ್ನು ಯಾವಾಗ ಹಾಡ್ತಿದ್ರಿ ಅಜ್ಜಿ?" ಅಂತ ಕೇಳಿ ಅದನ್ನೂ ಸೇರಿಸಲಿ. ಗಣಿಗೆ ಇಳಿದ ತಾತ ವಾಪಸ್ ಬರುವವರೆಗೆ ಕಾದದ್ದು, ಬರದ ವರ್ಷ ರಾಗಿ ಗಂಜಿ ಕುಡಿದದ್ದು ಎಲ್ಲ ಅಲ್ಲೇ ಹೊರಗೆ ಬರುತ್ತದೆ. ನಮ್ಮ ಮನೆಯವರು ಇದಕ್ಕಿಂತ ಮೊದಲೂ ಕಷ್ಟ ದಾಟಿದ್ದಾರೆ ಅಂತ ಮಗು ತಾನೇ ಕೇಳಿಸಿಕೊಳ್ಳುತ್ತದೆ.

ಮಾರ್ಕನ ಸುವಾರ್ತೆಯನ್ನು ಮನೆಯವರೆಲ್ಲ ಸೇರಿ ಕೈಬರಹದಲ್ಲಿ ಬರೆಯುವುದು ಇನ್ನೊಂದು ಕೆಲಸ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಹದಿನಾರು ಅಧ್ಯಾಯ. ಅಧ್ಯಾಯ ಹಂಚಿಕೊಳ್ಳಿ. ಮಾತು ಬೇಡವೆನಿಸಿದ ಸಂಜೆ ಒಬ್ಬೊಬ್ಬರೇ ಕೂತು ಬರೆಯಬಹುದು.

ಹಾಡು ಕಟ್ಟುವ ಮಕ್ಕಳಿದ್ದರೆ ಅಡ್ಡಿ ಮಾಡಬೇಡಿ. ಫಿಲಿಪ್ಪಿಯಲ್ಲಿ ಪೌಲ, ಸೀಲ ಏಟು ತಿಂದು, ಕಾಲಿಗೆ ಕೋಳ ಹಾಕಿಸಿಕೊಂಡು ಸೆರೆಯಲ್ಲಿದ್ದಾಗ ಮಧ್ಯರಾತ್ರಿ ಹಾಡಿದರು. ಕೈದಿಗಳು ಕೇಳುತ್ತಿದ್ದರು ಅಂತ ಅಪೊಸ್ತಲರ ಕೃತ್ಯಗಳು 16:25 ಹೇಳುತ್ತದೆ. ಹಾಗೇ, ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟ್ಟೆಲ್ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲೇ ಪದ್ಯವಾಗಿ ಬರೆದವರು. ಜರ್ಮನಿಯಿಂದ ಬಂದವರು ನಮ್ಮ ಮಟ್ಟಿನಲ್ಲಿ ಹಾಡು ಕಟ್ಟಿದ ಮೇಲೆ ನಮ್ಮ ಮಕ್ಕಳು ಜಾನಪದ ಧಾಟಿಯಲ್ಲಿ ಯಾಕೆ ಕಟ್ಟಬಾರದು? ತಮಟೆ, ಡೋಲಕ್ ಏನಿದೆಯೋ ತಗೊಳ್ಳಲಿ. ಕೊನೆಯ ಕೀರ್ತನೆ, 150, ದಮ್ಮಡಿ ತಾಳ ಎಲ್ಲವನ್ನೂ ಕರೆಯುತ್ತದೆ.

ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಇಂಗ್ಲಿಷ್. ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕು?

ಅಳು ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲಿ. ಕೆಜಿಎಫ್ ಮನೆಗಳಲ್ಲಿ ಅಜ್ಜಿ ತಮಿಳಿನಲ್ಲಿ, ಸೊಸೆ ಕನ್ನಡದಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ ಒಂದೇ ಚಾಪೆಯ ಮೇಲೆ ಪ್ರಾರ್ಥಿಸುವುದು ಹೊಸದೇನಲ್ಲ. ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಅವರವರ ಭಾಷೆಯಲ್ಲಿ ಒಟ್ಟಿಗೆ ಹೇಳಿ, ಮೊದಲು ಮುಗಿಸಿದವರು ಕಾಯಲಿ. ಮಕ್ಕಳಿಗೆ ಕನ್ನಡ ಬೈಬಲ್ ಓದುವ ಅಭ್ಯಾಸವನ್ನೂ ಬಿಡಿಸಬೇಡಿ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು.

ಟೊಮೆಟೊ ಬೆಲೆ ಬಿದ್ದು ಸಾಲ ಆಗಿದೆ. ಮಕ್ಕಳ ಮುಂದೆ ಪ್ರಾರ್ಥನೆಯಲ್ಲಿ ಹೇಳಬಹುದಾ?

ಹೇಳಿ, ಆದರೆ ವಯಸ್ಸು ನೋಡಿ ಹೇಳಿ. ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸಿಗೆ ಕಿತ್ತ ಕೂಲಿಯೂ ಹುಟ್ಟದ ದಿನ ಅಪ್ಪನ ಮುಖ ನೋಡಿದರೆ ಮಕ್ಕಳಿಗೆ ಗೊತ್ತಾಗುತ್ತದೆ. ಏನೂ ಹೇಳದಿದ್ದರೆ ಅವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ. "ಈ ಸಲ ಬೆಲೆ ಸಿಗಲಿಲ್ಲ. ಹೊಸ ಬಟ್ಟೆ ಈಗ ಆಗಲ್ಲ. ಊಟಕ್ಕೆ ತೊಂದರೆ ಇಲ್ಲ. ಅಪ್ಪ ಅಮ್ಮ ದಾರಿ ನೋಡ್ತಿದ್ದೀವಿ, ನೀವೂ ಪ್ರಾರ್ಥಿಸಿ." ಹತ್ತು ವರ್ಷದ ಮಗುವಿಗೆ ಇಷ್ಟು ಸಾಕು. ಸಾಲದ ಮೊತ್ತ, ಯಾರು ಬಂದು ಬೈದರು, ಅದೆಲ್ಲ ಮಗುವಿನ ಹೆಗಲಿಗೆ ಬೇಡ. ಅದನ್ನು ಗಂಡ ಹೆಂಡತಿ ಬೇರೆ ಕೂತು ಪ್ರಾರ್ಥಿಸಿ, ಬ್ಯಾಂಕಿನವರ ಹತ್ತಿರವೋ ಹಿರಿಯರ ಹತ್ತಿರವೋ ಮಾತಾಡಿ.

ಇಂಥ ಹೊತ್ತಲ್ಲಿ ಮಕ್ಕಳಿಗೆ ಕೊಡುವ ಕೆಲಸ ನಿಜವಾದ ಕೆಲಸವೇ ಆಗಿರಲಿ. ಮಾರದೆ ಉಳಿದ ಹಣ್ಣನ್ನು ತೊಳೆದು, ಹೆಚ್ಚಿ, ಉಪ್ಪು ಹಾಕಿ ಬಿಸಿಲಿಗೆ ಒಣಗಿಸಲಿ, ಅಮ್ಮನ ಜೊತೆ ಗೊಜ್ಜು ಮಾಡಲಿ. ಒಂದು ಬಾಟಲಿ ನಮ್ಮನೆಗೆ, ಒಂದು ನಮಗಿಂತ ಕಷ್ಟದಲ್ಲಿರುವವರಿಗೆ. ಬಾಟಲಿಗೆ ಅಂಟಿಸುವ ಚೀಟಿಯಲ್ಲಿ ಮಗು ಒಂದು ವಚನ ಬರೆಯಲಿ. ಕರ್ತನ ಪ್ರಾರ್ಥನೆಯಲ್ಲಿ ನಮ್ಮ ಅನುದಿನದ ಆಹಾರ ಎಂದು ಕೇಳುವಾಗ ಆ "ನಮ್ಮ" ಒಳಗೆ ಪಕ್ಕದ ಮನೆಯೂ ಇದೆ.

ಮನೆಯಲ್ಲಿ ಕಾಯಿಲೆಯವರಿದ್ದಾರೆ. ಹೇಗೆ ಪ್ರಾರ್ಥಿಸೋದು?

ಸಣ್ಣ ದನಿಯಲ್ಲಿ, ಚಿಕ್ಕದಾಗಿ, ರೋಗಿಯನ್ನು ಕೇಳಿಕೊಂಡು. ಅವರಿಗೆ ಸುಸ್ತಾಗಿದ್ದರೆ ಕೈ ಹಿಡಿದು ಒಂದೇ ವಚನ ಹೇಳಿ. "ಯೆಹೋವನು ನನಗೆ ಕುರುಬನು" ಅಷ್ಟೇ ಸಾಕಾಗುತ್ತದೆ. ವಾರ್ಡಿನಲ್ಲಿ ಪಕ್ಕದ ಬೆಡ್‌ನವರಿಗೂ ನಿದ್ದೆ ಬೇಕು, ಅದನ್ನು ಮರೆಯಬೇಡಿ. ಯಾಕೋಬ 5:14 ಹೇಳುವ ಹಾಗೆ ಸಭೆಯ ಹಿರಿಯರನ್ನು, ಫಾದರನ್ನು ಅಥವಾ ಪಾಸ್ಟರನ್ನು ಕರೆಸಿ ಎಣ್ಣೆ ಹಚ್ಚಿಸಿ ಪ್ರಾರ್ಥನೆ ಮಾಡಿಸಿ.

ಔಷಧಿ ಮಾತ್ರ ನಿಲ್ಲಿಸಬೇಡಿ. ನಂಬಿಕೆ ಇದ್ದರೆ ಮಾತ್ರೆ ಯಾಕೆ ಅನ್ನುವವರ ಮಾತು ಕೇಳಬೇಡಿ. ಕೋಲಾರಕ್ಕೆ ಬಂದ ಮೆಥೋಡಿಸ್ಟ್ ಮಿಷನರಿಗಳು ಚರ್ಚಿನ ಜೊತೆ ಆಸ್ಪತ್ರೆಯನ್ನೂ ಕಟ್ಟಿದರು. ಪ್ರಾರ್ಥನೆ, ಚಿಕಿತ್ಸೆ ಎರಡೂ ಒಟ್ಟಿಗೆ ನಡೆಯುತ್ತವೆ ಅಂತ ಅವರಿಗೆ ಗೊತ್ತಿತ್ತು. ಶುಗರ್, ಬಿಪಿ, ಫಿಟ್ಸ್, ಮನಸ್ಸಿನ ಕಾಯಿಲೆಯ ಮಾತ್ರೆ ಯಾವುದನ್ನೂ ಡಾಕ್ಟರು ಹೇಳದೆ ಬಿಡಬಾರದು.

ಸಾವಾಗಿದೆ. ಪ್ರಾರ್ಥನೆಗೆ ಕೂತರೆ ಮಾತೇ ಬರಲ್ಲ.

ಬರದಿದ್ದರೆ ಬೇಡ. ಹೇಗೆ ಪ್ರಾರ್ಥಿಸಬೇಕೆಂದು ಗೊತ್ತಿಲ್ಲದಾಗ ಪವಿತ್ರಾತ್ಮರೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾರೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8:26ರಲ್ಲಿದೆ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಬಂದು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂತರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೇ, ಬಾಯಿ ತೆರೆದ ಮೇಲೆ ಕೆಟ್ಟಿತು.

ಮಕ್ಕಳಿಗೆ "ತಾತ ಮಲಗಿದ್ದಾರೆ", "ಊರಿಗೆ ಹೋಗಿದ್ದಾರೆ" ಅಂತ ಹೇಳಬೇಡಿ. ಆಮೇಲೆ ಅವರು ಮಲಗಲು ಹೆದರುತ್ತಾರೆ. ಸತ್ತುಹೋದರು, ಅವರ ದೇಹ ಇನ್ನು ಏಳುವುದಿಲ್ಲ, ಅವರು ದೇವರ ಕೈಯಲ್ಲಿದ್ದಾರೆ, ಪುನರುತ್ಥಾನದಲ್ಲಿ ನೋಡುತ್ತೇವೆ ಅಂತ ನಂಬಿದ್ದೇವೆ ಅಂತಲೇ ಹೇಳಿ.

ಕೆಲವು ವಾರ ಕಳೆದ ಮೇಲೆ ಒಂದು ನೆನಪಿನ ಪೆಟ್ಟಿಗೆ ಮಾಡಿ. ಚಪ್ಪಲಿ ಡಬ್ಬಿಯಾದರೂ ಆಗುತ್ತದೆ. ತಾತನ ಕನ್ನಡಕ, ಗುರುತು ಹಾಕಿದ ಅವರ ಬೈಬಲಿನ ಹಾಳೆಯ ಫೋಟೊ, ಬಸ್ ಪಾಸು, ಅವರು ಬೈಯುತ್ತಿದ್ದ ಒಂದು ಮಾತು ಬರೆದ ಚೀಟಿ. ಒಳ್ಳೆಯ ನೆನಪು ಮಾತ್ರ ಇರಬೇಕು ಅಂತಿಲ್ಲ. ನವೆಂಬರ್ 2ಕ್ಕೆ ಕಥೋಲಿಕ ಕುಟುಂಬಗಳು ಸಮಾಧಿ ತೊಳೆದು ಹೂವು, ಮೇಣದಬತ್ತಿ ಇಡುತ್ತವೆ. ಆ ದಿನದ ಸೇವಂತಿಗೆ ಹಾರ ಮಕ್ಕಳೇ ಕಟ್ಟಲಿ, ಪೆಟ್ಟಿಗೆಯನ್ನು ಆ ರಾತ್ರಿ ತೆರೆದು ನೋಡಿ.

ಚರ್ಚಿಗೆ ಹೋಗಲು ಆಗದಿದ್ದರೆ ಮನೆಯಲ್ಲೇ ಹಬ್ಬ ಮಾಡಬಹುದಾ?

ಖಂಡಿತ. 2020ರಲ್ಲಿ ಲಾಕ್‌ಡೌನ್ ಬಂದು ಏಪ್ರಿಲ್ 5ರ ಗರಿಗಳ ಭಾನುವಾರ, 12ರ ಈಸ್ಟರ್ ಎರಡನ್ನೂ ಎಲ್ಲರೂ ಮನೆಯಲ್ಲೇ ಮಾಡಿದೆವು. ಗರಿಗಳ ಭಾನುವಾರ ತೆಂಗಿನ ಗರಿಯಿಂದ ಶಿಲುಬೆ ಹೆಣೆಯಿರಿ, ಕ್ರಿಸ್ಮಸ್‌ಗೆ ರಾಗಿ ಹುಲ್ಲಿನಿಂದ ಗೋದಲಿ ಕಟ್ಟಿ. ಮಾರಾಟಕ್ಕೆ ಬಾರದ ತೂತು ರೇಷ್ಮೆ ಗೂಡು ಸಿಕ್ಕರೆ ಕತ್ತರಿಸಿ ನಕ್ಷತ್ರ, ಹೂವು ಮಾಡಬಹುದು. ದುಡ್ಡು ಕೊಟ್ಟು ಸಾಮಾನು ತರುವ ಅಗತ್ಯವಿಲ್ಲ. ಕರ್ತನ ಭೋಜನ, ಪರಮಪ್ರಸಾದದ ವಿಷಯ ಮಾತ್ರ ನಿಮ್ಮ ಸಭಾಪಾಲಕರನ್ನು ಕೇಳಿಯೇ ಮಾಡಿ, ಅದರಲ್ಲಿ ಒಂದೊಂದು ಸಭೆಗೆ ಒಂದೊಂದು ನಿಯಮ.

ರಂಗೋಲಿ ಹಾಕಬಹುದಾ?

ಕೆಲವು ಮನೆಗಳಲ್ಲಿ ಹಾಕುತ್ತಾರೆ, ನಕ್ಷತ್ರ, ಶಿಲುಬೆ, ದೀಪ ಬರೆಯುತ್ತಾರೆ. ಕೆಲವರಿಗೆ ಮನಸ್ಸು ಒಪ್ಪುವುದಿಲ್ಲ. ನನ್ನ ಮಟ್ಟಿಗೆ ಅದು ನೆಲದ ಮೇಲಿನ ಚಿತ್ರ. ಮನೆಯ ಹಿರಿಯರಿಗೆ ನೋವಾಗುವುದಾದರೆ ಸೀಮೆಸುಣ್ಣದಲ್ಲಿ ಅಂಗಳದಲ್ಲಿ ವಚನ ಬರೆಯಿರಿ. ಇದಕ್ಕಾಗಿ ಜಗಳ ಬೇಡ.

ಮನೆಯಲ್ಲಿ ಎಲ್ಲರೂ ಕ್ರೈಸ್ತರಲ್ಲ. ಏನು ಮಾಡೋದು?

ಅತ್ತೆ ಮಾವ ಅವರ ಪೂಜೆ ಮಾಡುತ್ತಾರೆ, ಸೊಸೆ ಪ್ರಾರ್ಥಿಸುತ್ತಾಳೆ. ಒಬ್ಬರ ಹೊತ್ತನ್ನು ಇನ್ನೊಬ್ಬರು ಗೌರವಿಸಿ. ಮೈಕಿನ ಹಾಗೆ ಕೂಗುವುದು ಬೇಡ, ಬಲವಂತವಾಗಿ ಕೂರಿಸುವುದೂ ಬೇಡ. ಕಲ್ಲಿಗೆ ಬಣ್ಣ ಹಚ್ಚುವುದು, ಗೊಜ್ಜು ಹಂಚುವುದು, ನೆನಪಿನ ಪೆಟ್ಟಿಗೆ, ಇವಕ್ಕೆ ಎಲ್ಲರೂ ಬರುತ್ತಾರೆ. ಕಷ್ಟ ಮನೆಗೆಲ್ಲ ಬಂದಿರುತ್ತದೆ ಅಲ್ವಾ?

ಕುಡಿದು ಹೊಡೆಯುತ್ತಾರೆ. "ಪ್ರಾರ್ಥಿಸಿ ಸಹಿಸಿಕೋ" ಅಂತಾರೆ.

ಸಹಿಸಿಕೊಳ್ಳಬೇಡಿ. ಮೊದಲು ನೀವು, ಮಕ್ಕಳು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಿಗೆ 112, ಮಹಿಳೆಯರ ಸಹಾಯವಾಣಿ 181, ಮಕ್ಕಳಿಗೆ 1098. ಪ್ರಾರ್ಥನೆಯನ್ನು ಏಟು ಮುಚ್ಚಿಡಲು ಬಳಸುವುದನ್ನು ಯೇಸು ಎಲ್ಲೂ ಕಲಿಸಿಲ್ಲ. ನಂಬುವ ಒಬ್ಬ ಹಿರಿಯರಿಗೋ ಸಿಸ್ಟರ್‌ಗೋ ಟೀಚರ್‌ಗೋ ಹೇಳಿ.

ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಊಟ ನಿದ್ದೆ ಬಿಟ್ಟಿದ್ದರೆ, ಬದುಕುವುದೇ ಬೇಡ ಅಂದರೆ, ಅದನ್ನು ಭಕ್ತಿ ಕಡಿಮೆಯಾಯಿತು ಅಂತ ತಿಳಿಯಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಆ ವ್ಯಕ್ತಿಯನ್ನು ಒಬ್ಬರೇ ಬಿಡಬೇಡಿ.

ಇಷ್ಟೆಲ್ಲ ಪ್ರಾರ್ಥಿಸಿದರೂ ಕಷ್ಟ ಹೋಗಿಲ್ಲ. ಮಗು ಯಾಕೆ ಅಂತ ಕೇಳಿದರೆ?

"ನನಗೂ ಗೊತ್ತಿಲ್ಲ ಕಂದ" ಅನ್ನಿ. ಅದು ಸುಳ್ಳಲ್ಲ. ನಿನ್ನ ನಂಬಿಕೆ ಸಾಲಲಿಲ್ಲ ಅಂತ ಮಾತ್ರ ಯಾವತ್ತೂ ಹೇಳಬೇಡಿ. ಪೌಲ ತನ್ನನ್ನು ಬಿಡದೆ ಕಾಡುತ್ತಿದ್ದ ಬಾಧೆಯನ್ನು ಮುಳ್ಳು ಅಂತ ಕರೆದು, ಅದನ್ನು ತೆಗೆಯಪ್ಪಾ ಅಂತ ಮೂರು ಸಲ ಬೇಡಿಕೊಂಡ, ಮುಳ್ಳು ಹೋಗಲಿಲ್ಲ. ಗೆತ್ಸೆಮನೆಯಲ್ಲಿ ಯೇಸುವೂ ಮೂರು ಸಲ ಪ್ರಾರ್ಥಿಸಿದರು, ಪಾತ್ರೆ, ಅಂದರೆ ಅವರು ಅನುಭವಿಸಬೇಕಾದ ಯಾತನೆ, ಅವರನ್ನು ಬಿಟ್ಟು ಹೋಗಲಿಲ್ಲ. ಕೇಳಿದ್ದು ಸಿಗದವರ ಸಾಲಿನಲ್ಲಿ ದೇವರ ಮಗನೇ ಇದ್ದಾರೆ. ಈ ಎರಡು ಕಥೆಗಳನ್ನು ಮಗುವಿಗೆ ಓದಿ ಹೇಳಿ. ಆಮೇಲೆ ಅದು ಏನು ಕೇಳುತ್ತದೋ ಕೇಳಿಸಿಕೊಳ್ಳಿ.

ಒಂದು ವಾರ ಮಾಡಿ ಬಿಟ್ಟುಬಿಟ್ವಿ. ಮತ್ತೆ ಹೇಗೆ ಶುರು ಮಾಡೋದು?

ಬಿಟ್ಟ ದಿನಗಳನ್ನು ತುಂಬಿಸಿಕೊಡುವ ಲೆಕ್ಕ ಬೇಡ. ಇವತ್ತು ರಾತ್ರಿ ಊಟದ ತಟ್ಟೆ ಎತ್ತುವ ಮುಂಚೆ ಒಂದು ಕೀರ್ತನೆ ಓದಿ. ಎಲ್ಲಕ್ಕಿಂತ ಚಿಕ್ಕದು 117, ಎರಡೇ ವಚನ. ಓದುವ ಕೆಲಸವನ್ನು ಮನೆಯ ಅತಿ ಚಿಕ್ಕ ಓದುಬಲ್ಲ ಮಗುವಿಗೆ ಕೊಡಿ, ನಾಳೆಯ ಸರದಿ ಯಾರದು ಅಂತ ಆ ಮಗುವೇ ಹೇಳಲಿ.